ಬಾಡಿನಾ, ಲೆನ್ಸಾ, ಮೌಂಟಾ? ಕ್ಯಾಮೆರಾ ಬದಲಿಸುವ ಮುಂಚೆ ಏನನ್ನು ಯಾವುದರ ಜೊತೆ ಹೋಲಿಸಬೇಕು

ಕ್ಯಾಮೆರಾ ಬದಲಿಸುವ ಯೋಚನೆ ತಲೆಗೆ ಹೊಕ್ಕರೆ ಸಾಕು, ಎರಡು ಹೊಸ ಮಾಡೆಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಶುರು ಮಾಡುತ್ತೇವೆ. ಮೆಗಾಪಿಕ್ಸೆಲ್ ಯಾವುದರಲ್ಲಿ ಜಾಸ್ತಿ, ಸೆಕೆಂಡಿಗೆ ಎಷ್ಟು ಫ್ರೇಮ್, ಹೀಗೆ. ನಿಜ ಹೇಳಬೇಕೆಂದರೆ ಅವೆರಡರಲ್ಲಿ ಯಾವುದನ್ನು ತಂದರೂ ನಡೆಯುತ್ತದೆ. ಇವತ್ತು ತಯಾರಾಗುವ ಬಾಡಿಗಳಲ್ಲಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾಗಳಲ್ಲಿ, ತೀರಾ ಕೆಟ್ಟದ್ದು ಅಂತ ಯಾವುದೂ ಇಲ್ಲ. ಹೊಸದನ್ನು ಹೋಲಿಸಬೇಕಾದ್ದು ನಿಮ್ಮ ಬ್ಯಾಗಿನಲ್ಲಿ ಈಗಾಗಲೇ ಇರುವುದರ ಜೊತೆ. ಆ ಹೋಲಿಕೆಗೆ ಬೇಕಾದ ಸಾಕ್ಷಿ ಕಂಪನಿಯ ಪಟ್ಟಿಯಲ್ಲಿ ಸಿಗುವುದಿಲ್ಲ. ನೀವೇ ತೆಗೆದು, ಸರಿ ಬರಲಿಲ್ಲ ಅಂತ ಪಕ್ಕಕ್ಕಿಟ್ಟ ಫೋಟೊಗಳಲ್ಲಿ ಸಿಗುತ್ತದೆ.

ಫಿಲ್ಮ್ ಕಾಲದಿಂದ ಈ ಹವ್ಯಾಸಕ್ಕೆ ಅಂಟಿಕೊಂಡಿದ್ದೇನೆ. ಮ್ಯಾನ್ಯುಯಲ್ ಫೋಕಸ್ ಕ್ಯಾಮೆರಾ, ಆಟೊಫೋಕಸ್, ಒಳಗೆ ಕನ್ನಡಿ ಇರುವ 6 ಮೆಗಾಪಿಕ್ಸೆಲ್ ಡಿಎಸ್ಎಲ್ಆರ್, ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್, ಕನ್ನಡಿಯಿಲ್ಲದ ಮಿರರ್‌ಲೆಸ್, ಎಲ್ಲವೂ ನನ್ನ ಕಪಾಟಿಗೆ ಬಂದಿವೆ. ಬಾಡಿಗಳು ಬಂದ ಹಾಗೇ ಹೋದವು. ಕೆಲವು ಲೆನ್ಸ್‌ಗಳು ಮತ್ತು ಒಂದು ಭಾರದ ಟ್ರೈಪಾಡ್ ಮಾತ್ರ ಜಾಗ ಬಿಟ್ಟು ಕದಲಿಲ್ಲ. ಹಾಗಾಗಿ ಈ ಬರಹ ಯಾವ ಮಾಡೆಲ್ ಒಳ್ಳೆಯದು ಅನ್ನುವುದರ ಬಗ್ಗೆ ಅಲ್ಲ. ದುಡ್ಡು ಯಾವ ಕಡೆ ಹಾಕಿದರೆ ಫೋಟೊದಲ್ಲಿ ಕಾಣುತ್ತದೆ, ಯಾವ ಕಡೆ ಹಾಕಿದರೆ ಕಾಣುವುದಿಲ್ಲ ಅನ್ನುವುದರ ಬಗ್ಗೆ.

ಕೆಟ್ಟ ಫೋಟೊ ಕೆಟ್ಟಿದ್ದು ಯಾಕೆ

ಕಳೆದ ಒಂದು ವರ್ಷದಲ್ಲಿ ಕೈಕೊಟ್ಟ ಫೋಟೊಗಳನ್ನು ಆರಿಸಿಕೊಳ್ಳಿ. ಕಂಪ್ಯೂಟರಿನಲ್ಲಿ 100 ಪರ್ಸೆಂಟ್ ಜೂಮ್ ಮಾಡಿ ನೋಡಿ. ದೂರದ ದೀಪಗಳು ಇದ್ದರೆ ಮೊದಲು ಅವನ್ನೇ ನೋಡಿ. ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಗೆರೆ ಎಳೆದಂತಿದ್ದರೆ ಅಲುಗಿದ್ದು ನಿಮ್ಮ ಕೈ. ಗೋಡೆ, ಕಿಟಕಿ ಎಲ್ಲ ಚೆನ್ನಾಗಿ ಬಂದು ಓಡುವ ಮಗು ಮಾತ್ರ ಮಸುಕಾಗಿದ್ದರೆ ತಪ್ಪು ಕೈಯದಲ್ಲ, ಶಟರ್ ಸ್ಪೀಡ್ ಸಾಲಲಿಲ್ಲ. ಕಣ್ಣು ಮಸುಕಾಗಿ ಕಿವಿಯೋ ಹಿಂದಿನ ಗಿಡವೋ ಚೂಪಾಗಿ ಬಂದಿದ್ದರೆ ಫೋಕಸ್ ತಪ್ಪಿದೆ. ಎಲ್ಲ ಸರಿಯಿದ್ದು ನೆರಳಿರುವ ಕಡೆ ಬಣ್ಣಬಣ್ಣದ ಕಾಳು ಚೆಲ್ಲಿದ ಹಾಗೆ ಕಂಡರೆ ಅದು ನಾಯ್ಸ್.

ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಕೈ ಅಲುಗಿದ್ದಕ್ಕೆ ಟ್ರೈಪಾಡ್ ಅಥವಾ ಸ್ಟೆಬಿಲೈಸೇಶನ್ ಸಾಕು. ಆದರೆ ಓಡುವ ಮಗುವಿಗೆ ಸ್ಟೆಬಿಲೈಸೇಶನ್ ಏನೂ ಮಾಡುವುದಿಲ್ಲ. ಅದು ಕ್ಯಾಮೆರಾದ ಅಲುಗಾಟವನ್ನು ತಡೆಯುತ್ತದೆ ಅಷ್ಟೇ, ಮಗುವನ್ನು ನಿಲ್ಲಿಸುವುದಿಲ್ಲ ಅಲ್ವಾ? ಅಲ್ಲಿ ದೊಡ್ಡ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಇರುವ ಲೆನ್ಸ್ ಬೇಕು, ಇಲ್ಲವೇ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಬೇಕು. ನಾಯ್ಸ್‌ಗೆ ಬೇಕಾದ್ದು ಹೆಚ್ಚು ಬೆಳಕು, ಅದರ ಲೆಕ್ಕ ಮುಂದೆ ಇದೆ. ಫೋಕಸ್ ಮೇಲಿಂದ ಮೇಲೆ ತಪ್ಪುತ್ತಿದ್ದರೆ ಮಾತ್ರ ಹೊಸ ಬಾಡಿಯ ಮಾತಿಗೆ ಅರ್ಥವಿದೆ. ಇನ್ನು ಚೌಕಟ್ಟೇ ಸರಿಯಿಲ್ಲದ, ಬೆಳಕೇ ಚಪ್ಪೆಯಾಗಿರುವ ಫೋಟೊಗಳ ರಾಶಿಯೂ ಒಂದಿರುತ್ತದೆ. ಸಾಮಾನ್ಯವಾಗಿ ಅದೇ ದೊಡ್ಡದು. ಅದಕ್ಕೆ ಯಾವ ಅಂಗಡಿಯಲ್ಲೂ ಮದ್ದಿಲ್ಲ.

ಇನ್ನೊಂದು ಕೆಲಸ ಮಾಡಿ. ಪ್ರತಿ ಫೈಲಿನೊಳಗೂ ಎಷ್ಟು ಎಂಎಂನಲ್ಲಿ ತೆಗೆದದ್ದು ಅಂತ ದಾಖಲಾಗಿರುತ್ತದೆ. ಫೋಟೊ ಜೋಡಿಸುವ ಸಾಫ್ಟ್‌ವೇರ್‌ಗಳಲ್ಲಿ ಆ ಸಂಖ್ಯೆಯ ಪ್ರಕಾರ ವಿಂಗಡಿಸಬಹುದು. ನಿಮ್ಮದು ಬಾಡಿ ಜೊತೆಗೇ ಬಂದ 18-55 ಕಿಟ್ ಲೆನ್ಸ್ ಅಂತಿಟ್ಟುಕೊಳ್ಳಿ. ಫೋಟೊಗಳೆಲ್ಲ 55ರ ತುದಿಯಲ್ಲಿ ಗುಡ್ಡೆ ಬಿದ್ದಿದ್ದರೆ ನಿಮಗೆ ಇನ್ನೂ ದೂರ ಎಳೆಯುವ ಲೆನ್ಸ್ ಬೇಕಾಗಿದೆ. 18ರಲ್ಲೇ ಗುಡ್ಡೆ ಬಿದ್ದಿದ್ದರೆ ಇನ್ನೂ ಅಗಲದ್ದು ಬೇಕು. 30ರಿಂದ 35ರ ನಡುವೆ ಸೇರಿಕೊಂಡಿದ್ದರೆ ಒಂದು 35 ಎಂಎಂ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಸಾಕು, ಬೇರೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡಿ.

ಹೊಸ ಬಾಡಿ, ಅಥವಾ ಹೊಸ ಲೆನ್ಸ್

ಇಲ್ಲಿ ಲೆಕ್ಕ ಸುಲಭ. ಕಿಟ್ ಲೆನ್ಸ್ 50 ಎಂಎಂ ಆಸುಪಾಸಿನಲ್ಲಿ ಎಫ್/5.6ಕ್ಕಿಂತ ಹೆಚ್ಚು ತೆರೆದುಕೊಳ್ಳುವುದಿಲ್ಲ ಅಂದುಕೊಳ್ಳಿ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಅದೇ ಜಾಗಕ್ಕೆ 50 ಎಂಎಂ ಎಫ್/1.8 ಹಾಕಿದರೆ ಮೂರು ಸ್ಟಾಪ್‌ಗಿಂತ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು) ಸ್ವಲ್ಪ ಜಾಸ್ತಿ ಬೆಳಕು ಸಿಗುತ್ತದೆ. ಅಂದರೆ ಸುಮಾರು ಹತ್ತು ಪಟ್ಟು. ಮನೆಯೊಳಗೆ ಸಂಜೆ ಹೊತ್ತು 1/15 ಸೆಕೆಂಡಿನಲ್ಲಿ ಒದ್ದಾಡುತ್ತಿದ್ದವರು ಅದೇ ಐಎಸ್ಒ ಇಟ್ಟುಕೊಂಡು 1/125ಕ್ಕೆ ಬರಬಹುದು. ಆಟ ಆಡುವ ಮಗು ನಿಲ್ಲದಿದ್ದರೂ ಮಾತಾಡುತ್ತಾ ಕೂತ ಅಜ್ಜಿಯ ಮುಖ ಚೂಪಾಗಿ ಬರುತ್ತದೆ.

ಇದೇ ಲಾಭ ಬಾಡಿಯಿಂದ ಬೇಕು ಅಂದರೆ? ಎಪಿಎಸ್-ಸಿ ಅನ್ನುವ ಚಿಕ್ಕ ಸೆನ್ಸರಿನಿಂದ ಫುಲ್ ಫ್ರೇಮ್‌ಗೆ ಹೋದರೆ ಸೆನ್ಸರಿನ ವಿಸ್ತೀರ್ಣ ಸುಮಾರು 2.3 ಪಟ್ಟು ಆಗುತ್ತದೆ. ಸ್ಟಾಪ್ ಲೆಕ್ಕದಲ್ಲಿ ಒಂದಕ್ಕಿಂತ ತುಸು ಜಾಸ್ತಿ, ಅಷ್ಟೇ. ಅದಕ್ಕಾಗಿ ಬಾಡಿ ಬದಲಿಸಬೇಕು, ಲೆನ್ಸ್‌ಗಳನ್ನೂ ಬದಲಿಸಬೇಕು, ಭಾರವನ್ನೂ ಹೊರಬೇಕು. ಎಫ್/1.8ರ 50 ಎಂಎಂ ಎಲ್ಲ ಕಂಪನಿಗಳಲ್ಲೂ ಅಗ್ಗದ ಲೆನ್ಸ್‌ಗಳ ಸಾಲಿನಲ್ಲೇ ಇರುತ್ತದೆ. ಬೆಳಕಿನ ತೊಂದರೆ ಇರುವವರು ಮೊದಲು ನೋಡಬೇಕಾದ್ದು ಅದನ್ನು.

ಇಲ್ಲೊಂದು ಎಚ್ಚರಿಕೆ. ನಿಕಾನ್‌ನ ಹಳೆಯ ಎಎಫ್-ಡಿ ಲೆನ್ಸ್‌ಗಳಲ್ಲಿ ಮೋಟರ್ ಇಲ್ಲ. ಬಾಡಿಯೊಳಗಿನ ಮೋಟರ್ ಒಂದು ಸ್ಕ್ರೂ ತಿರುಗಿಸಿ ಫೋಕಸ್ ಮಾಡುತ್ತದೆ. ಡಿ40, ಡಿ3000, ಡಿ5000 ಸರಣಿಯ ಸಣ್ಣ ಬಾಡಿಗಳಲ್ಲಿ ಆ ಮೋಟರ್ ಇಲ್ಲ. ಹಾಗಾಗಿ 50 ಎಂಎಂ ಎಫ್/1.8ಡಿ ಅವುಗಳಲ್ಲಿ ಕೂರುತ್ತದೆ, ಆದರೆ ಫೋಕಸ್ ಕೈಯಲ್ಲೇ ಮಾಡಬೇಕು. ಹಳೆಯ ನಿಕಾನ್ ಲೆನ್ಸನ್ನು ಅವರದೇ ಮಿರರ್‌ಲೆಸ್ ಬಾಡಿಗೆ ಕೂರಿಸುವ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇದೇ ಕತೆ. ಲೆನ್ಸ್ ಹೆಸರಿನ ಕೊನೆಯ ಒಂದು ಅಕ್ಷರ ಓದದೆ ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೋಬೇಡಿ.

ಮೆಗಾಪಿಕ್ಸೆಲ್ ವಿಷಯ ಬೇಗ ಮುಗಿಸುತ್ತೇನೆ. 24 ಮೆಗಾಪಿಕ್ಸೆಲ್ ಅಂದರೆ 6000ಕ್ಕೆ 4000 ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿದರೂ 20 ಇಂಚು ಅಗಲ ಬರುತ್ತದೆ. 4ಕೆ ಪರದೆ ತುಂಬಲು ಬೇಕಾದ್ದು 8 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. 24ರಿಂದ 45ಕ್ಕೆ ಹೋದರೆ ಸಂಖ್ಯೆ ಹತ್ತಿರ ಹತ್ತಿರ ಎರಡು ಪಟ್ಟು ಅನ್ನಿಸುತ್ತದೆ, ಆದರೆ ಪ್ರಿಂಟಿನ ಅಗಲ ಬೆಳೆಯುವುದು ಮೂರನೇ ಒಂದು ಭಾಗದಷ್ಟು. ಗೋಡೆಗೆ ದೊಡ್ಡ ಪ್ರಿಂಟ್ ಹಾಕುವವರಿಗೂ ಜಾಸ್ತಿ ಕತ್ತರಿಸುವವರಿಗೂ ಅದು ಬೇಕು. ಉಳಿದವರಿಗೆ ಹಾರ್ಡ್ ಡಿಸ್ಕ್ ತುಂಬುತ್ತದೆ.

ಸೆನ್ಸರ್ ಎಷ್ಟು ದೊಡ್ಡದಿರಬೇಕು

ಫುಲ್ ಫ್ರೇಮ್ 36ಕ್ಕೆ 24 ಎಂಎಂ, ಹಳೆಯ 35 ಎಂಎಂ ಫಿಲ್ಮಿನ ಅಳತೆಯೇ. ಎಪಿಎಸ್-ಸಿ ಸುಮಾರು 23.5ಕ್ಕೆ 15.6, ಕ್ಯಾನನ್‌ನದ್ದು ಅದಕ್ಕಿಂತ ತುಸು ಚಿಕ್ಕದು. ಮೈಕ್ರೋ ಫೋರ್ ಥರ್ಡ್ಸ್ 17.3ಕ್ಕೆ 13. ಫುಲ್ ಫ್ರೇಮ್‌ಗೂ ಕೊನೆಯದಕ್ಕೂ ಎರಡು ಸ್ಟಾಪ್ ಅಂತರ. ಕತ್ತಲಲ್ಲಿ ತೆಗೆಯುವವರಿಗೆ, ಹಿನ್ನೆಲೆ ಪೂರ್ತಿ ಕರಗಿಹೋಗಬೇಕು ಅನ್ನುವವರಿಗೆ ದೊಡ್ಡ ಸೆನ್ಸರ್ ನಿಜವಾಗಿ ಕೆಲಸಕ್ಕೆ ಬರುತ್ತದೆ. ಹಗಲಿನಲ್ಲಿ, ಎಫ್/8ರಲ್ಲಿ, ಬೆಟ್ಟಗುಡ್ಡ ತೆಗೆಯುವವರ ಪ್ರಿಂಟ್ ನೋಡಿ ಇದು ಯಾವ ಸೆನ್ಸರ್ ಅಂತ ಹೇಳುವುದು ಕಷ್ಟ.

ಹಕ್ಕಿ ಹಿಂದೆ ಬಿದ್ದವರ ಲೆಕ್ಕವೇ ಬೇರೆ. ಎಪಿಎಸ್-ಸಿಯಲ್ಲಿ 300 ಎಂಎಂ ಲೆನ್ಸ್, ಫುಲ್ ಫ್ರೇಮಿನ 450 ಎಂಎಂನಷ್ಟೇ ಕಿರಿದಾದ ನೋಟ ಕೊಡುತ್ತದೆ. ಇದು ಪುಕ್ಕಟೆ ಸಿಕ್ಕ ಜೂಮ್ ಅಲ್ಲ. ಸುತ್ತಲಿನ ಅಂಚು ಕತ್ತರಿಸಿದ್ದಷ್ಟೇ. 45 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಫೋಟೊವನ್ನು ಎಪಿಎಸ್-ಸಿ ಅಳತೆಗೆ ಕತ್ತರಿಸಿದರೆ 20 ಮೆಗಾಪಿಕ್ಸೆಲ್ ಉಳಿಯುತ್ತದೆ. ಅಂದರೆ ಹಕ್ಕಿಯ ಮೇಲೆ ಬೀಳುವ ಚುಕ್ಕಿಗಳನ್ನು ಎಣಿಸಿದರೆ 24 ಮೆಗಾಪಿಕ್ಸೆಲ್‌ನ ಸಾಧಾರಣ ಎಪಿಎಸ್-ಸಿ ಬಾಡಿಯೇ ತುಸು ಮುಂದೆ. ದೂರದ ಹಕ್ಕಿಗೆ ದುಡ್ಡು ಹಾಕುವುದಿದ್ದರೆ ಉದ್ದದ ಲೆನ್ಸಿಗೆ ಹಾಕಿ. ಲೆನ್ಸಿಗೂ ಬಾಡಿಗೂ ನಡುವೆ ಕೂತು ಎಂಎಂ ಎರಡು ಪಟ್ಟು ಮಾಡುವ 2ಎಕ್ಸ್ ಟೆಲಿಕನ್ವರ್ಟರ್ ಹಾಕಿಕೊಂಡು ದಾಟಿಕೊಳ್ಳೋಣ ಅನ್ನಿಸಬಹುದು. ಅದು ಎರಡು ಸ್ಟಾಪ್ ಬೆಳಕು ನುಂಗುತ್ತದೆ. ಎಫ್/5.6 ಇದ್ದದ್ದು ಎಫ್/11 ಆಗುತ್ತದೆ. ಹಳೆಯ ಡಿಎಸ್ಎಲ್ಆರ್‌ಗಳು ಅಷ್ಟು ಕಡಿಮೆ ಬೆಳಕಿನಲ್ಲಿ ಆಟೊಫೋಕಸ್ ಮಾಡುವುದನ್ನೇ ನಿಲ್ಲಿಸಿಬಿಡುತ್ತವೆ. 1.4ಎಕ್ಸ್ ಆದರೆ ಒಂದೇ ಸ್ಟಾಪ್, ಅದನ್ನು ಒಪ್ಪಬಹುದು.

ಮೌಂಟ್ ಆರಿಸುವುದು

ಬಾಡಿ ಕೊಳ್ಳುವಾಗ ನಾವು ನಿಜವಾಗಿ ಆರಿಸುತ್ತಿರುವುದು ಅದರ ಮುಂದೆ ಲೆನ್ಸ್ ಕೂರುವ ಲೋಹದ ಉಂಗುರವನ್ನು, ಅಂದರೆ ಮೌಂಟನ್ನು. ಅದು ಸಂಬಂಧ ಬೆಳೆಸಿದ ಹಾಗೆ. ಒಬ್ಬರನ್ನು ನೋಡಿ ಒಪ್ಪಿದರೂ ಬರುವುದು ಇಡೀ ಮನೆತನ.

ನಿಕಾನ್ ತನ್ನ ಎಫ್ ಮೌಂಟನ್ನು 1959ರಲ್ಲಿ ತಂದಿತು. ನಡುವೆ ಏನೇನೋ ಸೇರಿಸಿದರೂ ಆ ಉಂಗುರವನ್ನು ಡಿಎಸ್ಎಲ್ಆರ್ ಕಾಲದವರೆಗೂ ಉಳಿಸಿಕೊಂಡಿತು. ಕ್ಯಾನನ್ ಬೇರೆ ದಾರಿ ಹಿಡಿಯಿತು. 1971ರಲ್ಲಿ ಬಂದ ಎಫ್‌ಡಿ ಮೌಂಟನ್ನು 1987ರಲ್ಲಿ ಬದಿಗಿಟ್ಟು, ಪೂರ್ತಿ ಎಲೆಕ್ಟ್ರಾನಿಕ್ ಆದ ಇಎಫ್ ಮೌಂಟ್ ಶುರು ಮಾಡಿತು. ಎಫ್‌ಡಿ ಲೆನ್ಸ್ ಕೂಡಿಟ್ಟಿದ್ದವರಿಗೆ ಅದು ದೊಡ್ಡ ಪೆಟ್ಟು. ಯಾಕೆ ಅಂತ ಗೊತ್ತಾದರೆ ಮುಂದಿನ ಆಯ್ಕೆ ಸುಲಭವಾಗುತ್ತದೆ.

ಪ್ರತಿ ಲೆನ್ಸೂ ಸೆನ್ಸರಿನಿಂದ ಒಂದು ನಿಗದಿಯಾದ ದೂರದಲ್ಲಿ ಕೂರಬೇಕು. ಎಫ್‌ಡಿಯಲ್ಲಿ ಅದು 42 ಎಂಎಂ, ಇಎಫ್‌ನಲ್ಲಿ 44, ನಿಕಾನ್ ಎಫ್‌ನಲ್ಲಿ 46.5. ದೂರ ಜಾಸ್ತಿ ಬೇಡುವ ಲೆನ್ಸನ್ನು ದೂರ ಕಮ್ಮಿ ಇರುವ ಬಾಡಿಗೆ ಹಾಕಬಹುದು, ನಡುವೆ ಒಂದು ಟೊಳ್ಳು ಉಂಗುರ ಇಟ್ಟರಾಯಿತು. ಅದಕ್ಕೇ ನಿಕಾನ್ ಲೆನ್ಸ್ ಕ್ಯಾನನ್ ಇಎಫ್ ಬಾಡಿಯಲ್ಲಿ ಕೂರುತ್ತದೆ. ಎಫ್‌ಡಿಗೆ ಆ ಅವಕಾಶ ಇರಲಿಲ್ಲ. 42 ಬೇಡುವ ಲೆನ್ಸನ್ನು 44ರ ಬಾಡಿಗೆ ಹಾಕಿದರೆ ಅದು 2 ಎಂಎಂ ಮುಂದೆ ನಿಂತುಬಿಡುತ್ತದೆ, ದೂರದ್ದು ಯಾವುದೂ ಫೋಕಸ್ ಆಗುವುದಿಲ್ಲ. ಅಡಾಪ್ಟರಿನೊಳಗೆ ಇನ್ನೊಂದು ಗಾಜು ಹಾಕಬೇಕು, ಆ ಗಾಜು ಚಿತ್ರ ಕೆಡಿಸುತ್ತದೆ.

ಮಿರರ್‌ಲೆಸ್ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಕನ್ನಡಿ ಇಲ್ಲದ ಕಾರಣ ದೂರ ಬಹಳ ಕಮ್ಮಿ. ಸೋನಿ ಇ ಮೌಂಟಿನಲ್ಲಿ 18 ಎಂಎಂ, ನಿಕಾನ್ ಝಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20. ಹಳೆಯ ಎಸ್ಎಲ್ಆರ್ ಲೆನ್ಸ್‌ಗಳೆಲ್ಲ ಸುಮ್ನೆ ಒಂದು ಟೊಳ್ಳು ಕೊಳವೆಯ ಮೇಲೆ ಇವುಗಳಲ್ಲಿ ಕೂರುತ್ತವೆ. ಇಪ್ಪತ್ತೈದು ವರ್ಷ ಮೂಲೆಯಲ್ಲಿದ್ದ ಎಫ್‌ಡಿ ಲೆನ್ಸ್‌ಗಳಿಗೆ ಹೀಗೆ ಮತ್ತೆ ಜೀವ ಬಂತು. ಆದರೆ ಇದು ಒಂದೇ ದಿಕ್ಕಿನ ರಸ್ತೆ. ಮಿರರ್‌ಲೆಸ್‌ಗೆ ಮಾಡಿದ ಲೆನ್ಸನ್ನು ಡಿಎಸ್ಎಲ್ಆರ್‌ಗೆ ಹಾಕಲು ಆಗುವುದಿಲ್ಲ.

ಇದರಿಂದ ಆಯ್ಕೆಗೆ ಏನು ಸಿಗುತ್ತದೆ? ಇಎಫ್ ಲೆನ್ಸ್‌ಗಳು ಇರುವವರು ಆರ್‌ಎಫ್ ಬಾಡಿಗೆ ಹೋದರೆ ಕಂಪನಿಯ ಅಡಾಪ್ಟರಿನಲ್ಲಿ ಆಟೊಫೋಕಸ್ ಸಹಿತ ಎಲ್ಲ ಕೆಲಸ ಮಾಡುತ್ತದೆ, ಲೆನ್ಸ್ ಮಾರುವ ಅವಸರ ಬೇಡ. ನಿಕಾನ್‌ನವರು ತಮ್ಮ ಲೆನ್ಸಿನಲ್ಲಿ ಮೋಟರ್ ಇದೆಯೇ ಅಂತ ಎಣಿಸಿ ನೋಡಲಿ. ಕೈಯಲ್ಲಿ ಒಂದು ಕಿಟ್ ಲೆನ್ಸ್ ಬಿಟ್ಟು ಬೇರೆ ಏನೂ ಇಲ್ಲದವರು ಯಾವ ಮನೆತನಕ್ಕಾದರೂ ಹೋಗಬಹುದು. ಅಂಥವರು ಬಾಡಿ ನೋಡುವ ಮುಂಚೆ ತಮಗೆ ಮುಂದೆ ಬೇಕಾಗುವ ಎರಡು ಲೆನ್ಸ್‌ಗಳ ಹೆಸರು ಬರೆದುಕೊಂಡು, ಅವು ಯಾವ ಮೌಂಟಿನಲ್ಲಿ ಹಗುರವಾಗಿ, ಕೈಗೆಟುಕುವ ದರದಲ್ಲಿ ಸಿಗುತ್ತವೆ ಅಂತ ನೋಡುವುದು ಒಳ್ಳೆಯದು.

ಡಿಎಸ್ಎಲ್ಆರ್ ಇಟ್ಟುಕೊಳ್ಳುವುದೋ, ಮಿರರ್‌ಲೆಸ್‌ಗೆ ಹೋಗುವುದೋ

ಮಿರರ್‌ಲೆಸ್‌ನ ನಿಜವಾದ ಲಾಭ ಫೋಕಸ್‌ನಲ್ಲಿದೆ. ಡಿಎಸ್ಎಲ್ಆರ್ ಫೋಕಸ್ ಮಾಡುವುದು ಕನ್ನಡಿಯ ಕೆಳಗೆ ಕೂತ ಬೇರೊಂದು ಸಣ್ಣ ಸೆನ್ಸರಿನಿಂದ. ಅದಕ್ಕೂ ಮುಖ್ಯ ಸೆನ್ಸರಿಗೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಎಫ್/1.4ರಲ್ಲಿ ಕಣ್ಣಿನ ಬದಲು ಕಿವಿ ಚೂಪಾಗುತ್ತದೆ. ಮಿರರ್‌ಲೆಸ್‌ನಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸನ್ನೂ ನೋಡುತ್ತದೆ, ಆ ಜಗಳವೇ ಇಲ್ಲ. ಮುಖ, ಕಣ್ಣು ಗುರುತಿಸಿ ಹಿಂಬಾಲಿಸುವುದೂ ಅದರಿಂದಲೇ ಸಾಧ್ಯವಾಗಿದ್ದು. ಮೇಲೆ ಹೇಳಿದ ಕೆಟ್ಟ ಫೋಟೊಗಳ ರಾಶಿಯಲ್ಲಿ ನಿಮ್ಮದು ಬಹುಪಾಲು ಫೋಕಸ್ ತಪ್ಪಿದ್ದಾದರೆ, ಅದೂ ಜನರ ಮುಖದ ಮೇಲೆ ತಪ್ಪಿದ್ದಾದರೆ, ಹೋಗಿ.

ಇಲ್ಲದಿದ್ದರೆ ಯೋಚಿಸಿ. ಬ್ಯಾಟರಿ ಮೊದಲ ಕೊರತೆ. ಮಧ್ಯಮ ದರ್ಜೆಯ ಡಿಎಸ್ಎಲ್ಆರ್ ಒಂದು ಚಾರ್ಜಿಗೆ 800-900 ಫೋಟೊ ಅಂತ ಬರೆದಿದ್ದರೆ, ಎಷ್ಟೋ ಮಿರರ್‌ಲೆಸ್‌ಗಳಲ್ಲಿ ಆ ಸಂಖ್ಯೆ 300-400. ಸದ್ದಿಲ್ಲದ ಶಟರ್ ಅಂತ ಹೊಗಳುತ್ತಾರೆ, ನಿಜ. ಆದರೆ ಎಲ್ಇಡಿ, ಟ್ಯೂಬ್ ಲೈಟಿನ ಕೆಳಗೆ ಅದೇ ಶಟರ್ ಫೋಟೊದಲ್ಲಿ ಅಡ್ಡಡ್ಡ ಪಟ್ಟೆ ಮೂಡಿಸುತ್ತದೆ. ವೇಗವಾಗಿ ಬೀಸಿದ ಬ್ಯಾಟ್ ಬಾಗಿದ ಹಾಗೆ ಕಾಣುತ್ತದೆ. ಕಣ್ಣಿಗೆ ಕಾಣುವುದು ಪುಟ್ಟ ಪರದೆ, ಲೆನ್ಸಿನ ಮೂಲಕ ಬಂದ ಬೆಳಕಲ್ಲ. ಕೆಲವರಿಗೆ ಅದು ಒಗ್ಗುತ್ತದೆ, ಕೆಲವರಿಗೆ ಕಣ್ಣು ನೋಯುತ್ತದೆ. ಅಂಗಡಿಯಲ್ಲಿ ಹತ್ತು ನಿಮಿಷ ಕಣ್ಣಿಟ್ಟು ನೋಡದೆ ತೀರ್ಮಾನಿಸಬೇಡಿ.

ಗುಡ್ಡ, ಹೂವು, ಹಳೆ ಕಟ್ಟಡ ತೆಗೆಯುವ ಹವ್ಯಾಸಿಗೆ ಒಂದು ಸೆಕೆಂಡ್ ಹ್ಯಾಂಡ್ ಫುಲ್ ಫ್ರೇಮ್ ಡಿಎಸ್ಎಲ್ಆರ್ ಈಗಲೂ ಒಳ್ಳೆಯ ಸರಕು. ಎಲ್ಲರೂ ಮಾರಿ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಬಾಡಿಯೂ ಲೆನ್ಸೂ ಇಳಿದ ದರದಲ್ಲಿ ಸಿಗುತ್ತವೆ. ಕ್ಯಾನನ್ 5ಡಿ 2005ರಲ್ಲಿ 12.8 ಮೆಗಾಪಿಕ್ಸೆಲ್‌ನೊಂದಿಗೆ ಬಂತು. ಹಗಲಿನಲ್ಲಿ ಅದು ತೆಗೆದ ಚಿತ್ರಗಳು ಇವತ್ತಿಗೂ ನಾಚಿಕೊಳ್ಳುವ ಹಾಗಿಲ್ಲ. ಆದರೆ ಹೊಸ ಲೆನ್ಸ್‌ಗಳೆಲ್ಲ ಮಿರರ್‌ಲೆಸ್ ಕಡೆಗೇ ಬರುತ್ತಿವೆ ಅನ್ನುವುದು ಮನಸ್ಸಿನಲ್ಲಿರಲಿ.

ಎಫ್/2.8, ಎಫ್/4, ಪ್ರೈಮ್

70-200 ಎಫ್/2.8 ಲೆನ್ಸ್‌ಗಳು ಬಹಳಷ್ಟು ಒಂದೂವರೆ ಕಿಲೋ ಆಸುಪಾಸು. ಎಫ್/4ರದ್ದು ಸುಮಾರು ಅರ್ಧ. ನಡುವೆ ಒಂದು ಸ್ಟಾಪ್ ಅಷ್ಟೇ. ಒಳಾಂಗಣ ಆಟ, ನಾಟಕದ ವೇದಿಕೆ ತೆಗೆಯುವವರು 2.8 ತಗೊಳ್ಳಲಿ. ನಡೆದುಕೊಂಡು ಹೋಗಿ ತೆಗೆಯುವವರಿಗೆ ಎಫ್/4 ಸಾಕು, ಯಾಕೆಂದರೆ ಅದು ಬ್ಯಾಗಿನಲ್ಲಿ ಇರುತ್ತದೆ. ಮನೆಯಲ್ಲಿ ಬಿಟ್ಟುಬಂದ 2.8ರಿಂದ ಯಾರಿಗೂ ಫೋಟೊ ಸಿಕ್ಕಿಲ್ಲ. ಪ್ರೈಮ್‌ಗಳಲ್ಲೂ ಹೀಗೇ. ಕ್ಯಾನನ್‌ನ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ 160 ಗ್ರಾಂ. ಆರ್‌ಎಫ್ 50 ಎಂಎಂ ಎಫ್/1.2 ಹತ್ತಿರ ಹತ್ತಿರ ಒಂದು ಕಿಲೋ. ಬೆಳಕಿನ ವ್ಯತ್ಯಾಸ ಒಂದು ಸ್ಟಾಪ್‌ಗಿಂತ ತುಸು ಜಾಸ್ತಿ.

ಹಳೆಯದನ್ನು ಕೊಳ್ಳುವಾಗ ಕೈಯಲ್ಲಿ ಟಾರ್ಚ್ ಇರಲಿ

ಸೆಕೆಂಡ್ ಹ್ಯಾಂಡ್ ಬಾಡಿಗಿಂತ ಸೆಕೆಂಡ್ ಹ್ಯಾಂಡ್ ಲೆನ್ಸ್ ಯಾವತ್ತೂ ಒಳ್ಳೆಯ ವ್ಯಾಪಾರ, ಆದರೆ ಪರೀಕ್ಷೆ ಮಾಡಬೇಕು. ಎರಡೂ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಡಿ. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆ ಬೇಡ, ಫೋಟೊದಲ್ಲಿ ಕಾಣುವುದಿಲ್ಲ. ಜೇಡರ ಬಲೆಯ ಎಳೆಗಳಂತೆ ಕವಲೊಡೆದು ಹರಡಿದ್ದು ಕಂಡರೆ ಫಂಗಸ್. ಪೂರ್ತಿ ಮಂಜು ಕವಿದ ಹಾಗಿದ್ದರೆ ಇನ್ನೂ ಕೆಟ್ಟದ್ದು. ಎರಡನ್ನೂ ಬಿಟ್ಟು ಬನ್ನಿ. ಆಮೇಲೆ ಅಪರ್ಚರ್ ಎಲೆಗಳನ್ನು ಮುಚ್ಚಿ ನೋಡಿ. ಅವು ಒಣಗಿರಬೇಕು, ಚಟ್ ಅಂತ ಮುಚ್ಚಬೇಕು. ಎಣ್ಣೆಯ ಹೊಳಪು ಇದ್ದು ನಿಧಾನವಾಗಿ ಮುಚ್ಚಿದರೆ ಪ್ರತಿ ಫೋಟೊವೂ ಒಂದೊಂದು ಥರ ಬೆಳ್ಳಗಾಗುತ್ತದೆ. ಕೊನೆಗೆ ಮೌಂಟಿನ ಸ್ಕ್ರೂಗಳ ತಲೆ ನೋಡಿ. ಗೀರು ಬಿದ್ದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ.

ಆಮೇಲೆ ಬಾಡಿಗೆ ಹಾಕಿ, ದೂರದ ಒಂದು ಬೋರ್ಡನ್ನು ಚೌಕಟ್ಟಿನ ನಾಲ್ಕು ಮೂಲೆಯಲ್ಲೂ ಒಂದೊಂದು ಸಲ ಇಟ್ಟು ತೆಗೆಯಿರಿ. ನಾಲ್ಕೂ ಒಂದೇ ಮಟ್ಟಿಗೆ ಮೃದುವಾಗಿದ್ದರೆ ಅದು ಲೆನ್ಸಿನ ಗುಣ. ಒಂದು ಮೂಲೆ ಮಾತ್ರ ಹಾಳಾಗಿದ್ದರೆ ಬಿದ್ದು ಎದ್ದ ಲೆನ್ಸ್.

ಪೆಂಟಾಕ್ಸ್‌ನ ತಕುಮಾರ್ 50 ಎಂಎಂ ಎಫ್/1.4ರಂಥ ಕೆಲವು ಹಳೆಯ ಲೆನ್ಸ್‌ಗಳ ಗಾಜಿನಲ್ಲಿ ಥೋರಿಯಂ ಇದೆ. ಕಾಲ ಕಳೆದಂತೆ ಅವು ಚಹಾದ ಬಣ್ಣಕ್ಕೆ ತಿರುಗುತ್ತವೆ. ಹೆದರಬೇಡಿ, ಯುವಿ ದೀಪದ ಕೆಳಗೆ ಕೆಲವು ದಿನ ಇಟ್ಟರೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಹಾಗಾಗಿ ಹಳದಿ ಅಂತ ದರ ಇಳಿಸಿದ್ದರೆ ನಿಮಗೇ ಲಾಭ.

ಹಳೆಯ ಫ್ಲ್ಯಾಶ್ ಮಾತ್ರ ಬೇಡ. ಕೆಲವಕ್ಕೆ ಟ್ರಿಗರ್ ವೋಲ್ಟೇಜ್ 200 ದಾಟುತ್ತದೆ, ಡಿಜಿಟಲ್ ಬಾಡಿಯ ಸರ್ಕ್ಯೂಟ್ ಸುಡಬಹುದು. ಮಲ್ಟಿಮೀಟರ್ ಇಟ್ಟು ಅಳೆದು ನೋಡದೆ ಬಾಡಿಯ ಮೇಲೆ ಫ್ಲ್ಯಾಶ್ ಕೂರುವ ಹಾಟ್ ಶೂಗೆ ಹತ್ತಿಸಬೇಡಿ. ಹಳೆಯ ಫಿಲ್ಮ್ ಬಾಡಿ ಆಸೆಯಾದರೆ ಲೈಟ್ ಮೀಟರಿನ ಬ್ಯಾಟರಿ ಯಾವುದು ಅಂತ ಮೊದಲು ಕೇಳಿ. 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದ ಮೀಟರುಗಳು 1.5 ವೋಲ್ಟ್ ಸಿಕ್ಕರೆ ಸುಳ್ಳು ಹೇಳುತ್ತವೆ.

ಯಾವುದನ್ನು ಮಾರುವುದು, ಯಾವುದನ್ನು ಇಟ್ಟುಕೊಳ್ಳುವುದು

ಬಾಡಿಯನ್ನು ಮಾರುವುದಿದ್ದರೆ ಬೇಗ ಮಾರಿ. ಅದರ ದರ ಇಳಿಯುವುದಕ್ಕೆ ಕೆಡಬೇಕಾಗಿಲ್ಲ, ಅದರ ಮುಂದಿನ ಮಾಡೆಲ್ ಬಂದರೆ ಸಾಕು. ಶಟರ್ ಎಷ್ಟು ಸಲ ಬಡಿದಿದೆ ಅಂತ ಕೊಳ್ಳುವವರು ಕೇಳುತ್ತಾರೆ. ಆರಂಭದ ದರ್ಜೆಯ ಬಾಡಿಗಳಿಗೆ 1 ಲಕ್ಷ, ಅತಿ ದೊಡ್ಡ ವೃತ್ತಿಪರ ಬಾಡಿಗಳಿಗೆ 4 ಲಕ್ಷ ಸಲ ಅಂತ ಕಂಪನಿಗಳೇ ಹೇಳುವುದುಂಟು. ಇಪ್ಪತ್ತು ವರ್ಷದ ಬಾಡಿಗೆ ಶಟರ್ ಚೆನ್ನಾಗಿದ್ದರೂ ಹೊಸ ಬ್ಯಾಟರಿ ಸಿಗುವುದು ಕಷ್ಟ, ರಬ್ಬರ್ ಹಿಡಿ ಊದಿಕೊಂಡು ಕಿತ್ತು ಬರುತ್ತದೆ. ಅದನ್ನು ಮೂಲೆಯಲ್ಲಿಟ್ಟು ಏನೂ ಆಗಬೇಕಾಗಿಲ್ಲ, ಕಲಿಯುವ ಆಸೆಯಿರುವ ಮಕ್ಕಳಿಗೆ ಕೊಟ್ಟುಬಿಡಿ.

ಲೆನ್ಸ್ ಮಾರುವಾಗ ನಿಧಾನ ಮಾಡಿ. ಆ ಎಂಎಂಗೆ ನಿಮ್ಮ ಹತ್ತಿರ ಬೇರೆ ಲೆನ್ಸ್ ಇದೆಯೇ? ಇದ್ದರೆ ಹಗುರವಾದದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಕೊಡಿ. ಇಲ್ಲದಿದ್ದರೆ ಇರಲಿ, ಹೊಸ ಬಾಡಿಗೆ ಅಡಾಪ್ಟರ್ ಸಿಗುತ್ತದೆ. ಟ್ರೈಪಾಡ್ ಮಾರಲೇಬೇಡಿ, ಅದಕ್ಕೆ ಮೌಂಟೂ ಇಲ್ಲ, ಮಾಡೆಲ್ ಬದಲಾಗುವುದೂ ಇಲ್ಲ.

ಇಟ್ಟುಕೊಂಡ ಲೆನ್ಸ್‌ಗಳನ್ನು ಚರ್ಮದ ಚೀಲದಲ್ಲಿ ಕಟ್ಟಿಡಬೇಡಿ, ಚರ್ಮ ತೇವ ಹಿಡಿದಿಡುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ, ಇಷ್ಟಿದ್ದರೆ ಡ್ರೈ ಕ್ಯಾಬಿನೆಟ್ ಇಲ್ಲದೆಯೂ ನಡೆಯುತ್ತದೆ. ಮುಳ್ಳು 40ರಿಂದ 50 ಪರ್ಸೆಂಟ್ ನಡುವೆ ಇರಲಿ. ಅದಕ್ಕಿಂತ ತೀರಾ ಕೆಳಗೆ ಹೋದರೆ ಲೆನ್ಸಿನೊಳಗಿನ ಗ್ರೀಸ್ ಒಣಗಿ ಫೋಕಸ್ ರಿಂಗ್ ಬಿಗಿಯಾಗುತ್ತದೆ. ಜೆಲ್ ಕಾಳು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ, ಹೊಸದು ತರಬೇಕಾಗಿಲ್ಲ.